ನಮ್ಮೂರಿಗೆ ಹೋಗುವ ನೀರು

ಪುಣೆಯಲ್ಲಿ ಹೊಳೆ ಕಾಣುವ ಮನೆಯೇ ಬೇಕು ಅಂತ ಹಟ ಹಿಡಿದವನು ನಾನು. ಹೆಂಡತಿಗೆ ಕೋಥ್ರೂಡ್ ಕಡೆ ಮನಸ್ಸಿತ್ತು. ಆದರೆ ನಾನು ಭೀಮಾ ದಂಡೆಯವನು, ಅಫಜಲಪುರ ತಾಲ್ಲೂಕಿನ ಒಂದು ಸಣ್ಣ ಊರಿನವನು. ಹೊಳೆ ಇಲ್ಲದ ಕಡೆ ಎಂಟು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದಾಗಿತ್ತು. ಸಿಂಹಗಡ ರಸ್ತೆಯಲ್ಲಿ, ವಿಠ್ಠಲವಾಡಿಯ ಹತ್ತಿರ, ಎರಡನೇ ಮಹಡಿಯ ಈ ಫ್ಲ್ಯಾಟಿನ ಬಾಲ್ಕನಿಯಲ್ಲಿ ನಿಂತು ಮುಠಾ ನದಿ ನೋಡಿದ ದಿನವೇ ನಾನು ಏಜೆಂಟನಿಗೆ ಮುಂಗಡ ಕೊಟ್ಟುಬಿಟ್ಟೆ. ದಂಡೆಗೆ ಎಷ್ಟು ಹತ್ತಿರ ಅಂತ ಕೇಳಿದೆನೇ ಹೊರತು, ನೀರು ಬಂದರೆ ಎಲ್ಲಿಯವರೆಗೆ ಬರುತ್ತದೆ ಅಂತ ಕೇಳಲಿಲ್ಲ.

ಮೊದಲ ಸಲ ಅವ್ವ ಬಂದದ್ದು ಮೇ ತಿಂಗಳಲ್ಲಿ. ಬಾಲ್ಕನಿಗೆ ಕರೆದೊಯ್ದು ಹೆಮ್ಮೆಯಿಂದ ತೋರಿಸಿದೆ. ಬೇಸಿಗೆಯ ಮುಠಾ ಹೇಗಿರುತ್ತದೆ ಅಂತ ಪುಣೆಯಲ್ಲಿದ್ದವರಿಗೆ ಹೇಳಬೇಕಾಗಿಲ್ಲ. ಅವ್ವ ಸೆರಗು ಮೂಗಿಗೆ ಒತ್ತಿಕೊಂಡು, "ಇದ ಹೊಳಿ ಅಲ್ಲೋ ತಮ್ಮಾ, ಗಟಾರ" ಅಂದಳು. ಈ ಮುಠಾ ಊರೊಳಗೆ ಮುಳಾ ನದಿಯನ್ನು ಕೂಡುತ್ತದೆ, ಮುಳಾ-ಮುಠಾ ಮುಂದೆ ದೌಂಡ್ ಕಡೆ ಭೀಮೆಗೆ ಸೇರುತ್ತದೆ, ಭೀಮೆ ಉಜನಿ ಡ್ಯಾಮಿಗೆ ಹೋಗಿ, ಅಲ್ಲಿಂದ ಪಂಢರಪುರ ದಾಟಿ, ಇಂಡಿ ತಾಲ್ಲೂಕಿನ ಅಂಚಿನಿಂದ ನಮ್ಮೂರಿಗೇ ಬರುತ್ತದೆ ಅಂತ ವಿವರಿಸಿದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. "ಹಂಗಾದ್ರ ನೀವು ತೊಳದ ನೀರು ನಾವು ಕುಡೀತೀವಿ" ಅಂದು ಒಳಗೆ ಹೋದಳು.

ಆ ದಿನದಿಂದ ಅವಳ ಬಾಯಲ್ಲಿ ಭೀಮೆಯ ನೀರು "ನಿಮ್ಮೂರ ನೀರು" ಆಯಿತು. ಬೇಸಿಗೆಯಲ್ಲಿ ಫೋನ್ ಮಾಡಿದರೆ, "ನಿಮ್ಮೂರ ನೀರು ಬ್ಯಾಸಗ್ಯಾಗ ಬಾ ಅಂದ್ರ ಬರಂಗಿಲ್ಲ, ಮಳಿಗಾಲ್ದಾಗ ಕರೀದೇ ಬರ್ತಾವ" ಅನ್ನುವಳು. ಭೀಮಾ ತೀರದ ಒಕ್ಕಲಿಗರ ದೂರು ಇಷ್ಟರಲ್ಲೇ ಬಂತು.

2020ರ ಅಕ್ಟೋಬರಿನಲ್ಲಿ ಕರೆಯದೆಯೇ ಬಂತು. ಉಜನಿಯಿಂದಲೂ ನೀರಾ ನದಿಯ ವೀರ ಡ್ಯಾಮಿನಿಂದಲೂ ಬಿಟ್ಟ ನೀರಿಗೆ ಭೀಮೆ ಉಕ್ಕಿ, ವಿಜಯಪುರ, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆಯ ದಂಡೆಯ ಊರುಗಳು ಮುಳುಗಿದವು. ಸೊನ್ನ ಬ್ಯಾರೇಜಿನ ಹೊರಹರಿವಿನ ಅಂಕಿಗಳನ್ನು ನಾನು ಇಲ್ಲಿ ಕುಳಿತು ಮೊಬೈಲಿನಲ್ಲಿ ನೋಡುತ್ತಿದ್ದೆ. ಅವ್ವ ಆ ಅಂಕಿ ಕೇಳಲಿಲ್ಲ. ಹೊಳೆಯ ಬಣ್ಣ ಬದಲಾಗಿದೆ, ಕಸ ಕಡ್ಡಿ ದಂಡೆಗೆ ಬರುವುದು ಬಿಟ್ಟು ನಟ್ಟನಡುವೆ ಹೊರಟಿದೆ, ಅಂದಮೇಲೆ ಇನ್ನೂ ಏರುತ್ತದೆ ಅಂತ ಅವಳ ಲೆಕ್ಕ. ಪಹಣಿ, ಆಧಾರ್, ರೇಷನ್ ಕಾರ್ಡು, ಬ್ಯಾಂಕಿನ ಪುಸ್ತಕ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಕುಕ್ಕರಿನೊಳಗೆ ಇಟ್ಟು, ಮುಚ್ಚಳ ಬಿಗಿದು, ಆ ಕುಕ್ಕರನ್ನು ಬಗಲಲ್ಲಿ ಇಟ್ಟುಕೊಂಡು ಸಾಲಿಗುಡಿಗೆ ಹೋದಳು. ಸಾಲಿಗುಡಿ ಅಂದರೆ ನಮ್ಮ ಕಡೆ ಶಾಲೆ. ಊರಿನ ಎತ್ತರದ ಜಾಗ ಅದೇ. ಮೂರು ರಾತ್ರಿ ಅಲ್ಲೇ.

ಆಮೇಲೆ ಕೇಳಿದೆ, ಯಾರು ಮೊದಲು ಹೋಗಬೇಕು ಅಂತ ಯಾರು ಹೇಳಿದರು ಅಂತ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾರ ಹೇಳ್ಬೇಕೋ? ಮೊದಲ ಬಾಣಂತಿ, ಕೂಸು. ಆಮ್ಯಾಲ ಮುದುಕರು. ಆಮ್ಯಾಲ ದನದ ಹಗ್ಗ ಬಿಚ್ಚೂದು. ಕಾಳು ಕಡೀಕ. ಉಳದ್ರ ಉಳೀತು."

ಈ ಮಾತನ್ನು ಇಲ್ಲಿ ಯಾಕೆ ಬರೆದೆ ಅಂತ ಮುಂದೆ ಗೊತ್ತಾಗುತ್ತದೆ.

*

2024ರ ಜುಲೈ 24ರ ರಾತ್ರಿ ಪುಣೆಯಲ್ಲಿ ಮಳೆ ನಿಲ್ಲಲೇ ಇಲ್ಲ. ಘಟ್ಟದ ಕಡೆ ಇನ್ನೂ ಜೋರು. ಪುಣೆಗೆ ನೀರು ಕೊಡುವವು ನಾಲ್ಕು ಡ್ಯಾಮು: ಪಾನಶೇತ್, ವರಸಗಾಂವ್, ಟೇಮಘರ್, ಖಡಕ್‌ವಾಸ್ಲಾ. ನಾಲ್ಕೂ ಸೇರಿ 29 ಟಿಎಂಸಿ ಹಿಡಿಯುತ್ತವೆ. ಅದರಲ್ಲಿ ಊರಿಗೆ ಎಲ್ಲಕ್ಕಿಂತ ಹತ್ತಿರದ ಖಡಕ್‌ವಾಸ್ಲಾದ ಪಾಲು 2 ಟಿಎಂಸಿಗೂ ಕಡಿಮೆ. ಮೇಲಿನ ಮೂರು ದೊಡ್ಡ ಹಗೇವು, ಇದು ಬಾಗಿಲ ಬಳಿಯ ಚಿಕ್ಕ ಕೊಡ. ಜೋರು ಮಳೆ ಹೊಡೆದರೆ ಬಲು ಬೇಗ ತುಂಬುತ್ತದೆ. ತುಂಬಿದರೆ ಬಿಡಲೇಬೇಕು. ಬಿಟ್ಟ ನೀರು ಬರುವುದು ನೇರ ನಮ್ಮ ಸಿಂಹಗಡ ರಸ್ತೆಯ ಬೆನ್ನ ಹಿಂದೆ.

ಬೆಳಗಿನ ನಾಲ್ಕರ ಸುಮಾರಿಗೆ ಇಂಟರ್‌ಕಾಮ್ ಹೊಡೆಯಿತು. ನಮ್ಮ ಸೊಸೈಟಿಯ ವಾಚ್‌ಮನ್. ಸುರಪುರದ ಕಡೆಯವನು, ನನಗಿಂತ ನಾಲ್ಕೈದು ವರ್ಷ ದೊಡ್ಡವನು. ನಾನು ಅವನಿಗೆ ಅಣ್ಣ ಅನ್ನುತ್ತೇನೆ, ಅವನು ನನಗೆ ಸರ ಅನ್ನುತ್ತಾನೆ. ಸೊಸೈಟಿಯಲ್ಲಿ ಕನ್ನಡ ಮಾತಾಡುವವರು ನಾವೆರಡೇ ಮನೆ. ಜೋಳದ ರೊಟ್ಟಿ ಆ ಮನೆಯಿಂದ ಈ ಮನೆಗೆ ಬರುತ್ತಿತ್ತು, ಊರಿಂದ ಬಂದ ಶೇಂಗಾ ಹಿಂಡಿ ಈ ಮನೆಯಿಂದ ಆ ಮನೆಗೆ ಹೋಗುತ್ತಿತ್ತು.

"ಸರ, ಚೇಂಬರಿನ್ಯಾಗಿಂದ ನೀರ ಉಕ್ಕಾಕತ್ತಾವ. ಗಾಡಿ ತಗೀರಿ."

ನೀರು ಗೇಟಿನಿಂದ ಬರುತ್ತದೆ ಅಂತ ಅಂದುಕೊಂಡಿದ್ದೆ. ಅದು ಮೊದಲು ಬಂದದ್ದು ನೆಲದಡಿಯಿಂದ. ಹೊಳೆ ಏರಿದಾಗ ಹೊಳೆಗೆ ಹೋಗಬೇಕಾದ ಒಳಚರಂಡಿಯ ನೀರು ಹಿಂದಕ್ಕೆ ತಳ್ಳಿಸಿಕೊಂಡು ಬರುತ್ತದೆ. ಪಾರ್ಕಿಂಗಿನ ಚೇಂಬರಿನ ಮುಚ್ಚಳ ಕುದಿಯುವ ಅನ್ನದ ತಟ್ಟೆಯ ಹಾಗೆ ಕುಣಿಯುತ್ತಿತ್ತು. ನಾನು ಇಳಿಯುವಾಗ ಪಾದ ಮುಳುಗುವಷ್ಟು ನೀರು. ಹತ್ತು ಹನ್ನೆರಡು ಜನ ಕಾರು, ಬೈಕು ತೆಗೆಯುವ ಗಡಿಬಿಡಿಯಲ್ಲಿದ್ದರು. ವಾಚ್‌ಮನ್ ಅಣ್ಣ ಕತ್ತಲಲ್ಲಿ ಬ್ಯಾಟರಿ ಹಿಡಿದು ಒಂದೊಂದೇ ಗಾಡಿಯನ್ನು ಹಿಂದಕ್ಕೆ ಮುಂದಕ್ಕೆ ಮಾಡಿಸಿ ಹೊರಗೆ ಕಳಿಸುತ್ತಿದ್ದ. ನನ್ನ ಕಾರಿಗೂ ದಾರಿ ಮಾಡಿಕೊಟ್ಟ. ಇನ್ನೂ ಹದಿನೆಂಟು ಕಂತು ಬಾಕಿ ಇದ್ದ ಕಾರು. ಮುಖ್ಯ ರಸ್ತೆಯ ಎತ್ತರದ ಜಾಗಕ್ಕೆ ಹೋಗಿ, ನಿಲ್ಲಿಸಲು ಸ್ಥಳ ಹುಡುಕಿ, ಫೋಟೋ ತೆಗೆದು ಹೆಂಡತಿಗೆ ಕಳಿಸಿ, ನಡೆದು ವಾಪಸು ಬರುವಷ್ಟರಲ್ಲಿ ಅರ್ಧ ಗಂಟೆ ಮೀರಿರಬೇಕು.

ಗೇಟಿನ ಒಳಗೆ ಸೊಂಟದವರೆಗೆ ನೀರು. ಯಾರೋ ಮೇಲಿನಿಂದ, "ಮೀಟರ್ ಬಾಕ್ಸ್ ಕಡೆ ಹೋಗಬೇಡಿ" ಅಂತ ಹಿಂದಿಯಲ್ಲಿ ಕೂಗುತ್ತಿದ್ದರು. ಕಾಂಪೌಂಡಿನ ಗೋಡೆ ಹಿಡಿದು ಮೆಟ್ಟಿಲಿಗೆ ಬಂದೆ. ಮೊದಲ ತಿರುವಿನಲ್ಲಿ, ಮೊಬೈಲಿನ ಬೆಳಕಿಗೆ, ವಾಚ್‌ಮನ್ ಅಣ್ಣನ ಹೆಂಡತಿ ಕೂತಿದ್ದಳು. ಎರಡೂ ಮಕ್ಕಳು ಅವಳ ಸೀರೆಯೊಳಗೆ. ಪಕ್ಕದಲ್ಲಿ ನೀರು ಸೋರುವ ಒಂದು ಅಕ್ಕಿ ಚೀಲ. ಅವರ ಖೋಲಿ ಇದ್ದದ್ದು ಪಾರ್ಕಿಂಗಿನಲ್ಲಿ, ಪಂಪಿನ ಪಕ್ಕ. ಸೊಸೈಟಿಯ ಎಲ್ಲ ಮನೆಗಳಿಗಿಂತ ತಗ್ಗಿನ ಮನೆ.

ಅಕ್ಕ ನನ್ನನ್ನು ನೋಡಿ ಕೇಳಿದ್ದು ಒಂದೇ ಮಾತು: "ಗಾಡಿ ಹೊರಗ ಹೋತ್ರೀ ಅಣ್ಣಾವ್ರ?"

ಅವಳು ವ್ಯಂಗ್ಯವಾಗಿ ಕೇಳಲಿಲ್ಲ. ನಿಜವಾಗಿಯೂ ಕಾಳಜಿಯಿಂದ ಕೇಳಿದಳು. ನನಗೆ ಬಾಯಿ ಒಣಗಿತು. ನಾನು ಇಳಿಯುವಾಗ ಅವರ ಖೋಲಿಯ ಬಾಗಿಲ ಮುಂದೆಯೇ ಹಾದು ಹೋಗಿದ್ದೆ. ಒಳಗೆ ಲೈಟು ಉರಿಯುತ್ತಿತ್ತು, ಅದೂ ಈಗ ನೆನಪಾಗುತ್ತದೆ. ಆಗ ನನ್ನ ಕಣ್ಣು ಕಾರಿನ ಮೇಲಿತ್ತು.

ಮೂವರನ್ನೂ ಮೇಲೆ ಕರೆದುಕೊಂಡು ಹೋದೆ. ನನ್ನ ಹೆಂಡತಿ ಮಕ್ಕಳ ಬಟ್ಟೆ ಬದಲಿಸಿದಳು. ವಾಚ್‌ಮನ್ ಅಣ್ಣ ಮೇಲೆ ಬಂದದ್ದು ಬೆಳಗಾದ ಮೇಲೆ, ಕೆಳಗಿನ ಮನೆಯ ಅಜ್ಜಿಯೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಮೂರು ಜನ ಸೇರಿ ಎತ್ತಿ ತಂದ ನಂತರ.

*

ಬೆಳಕಾದಾಗ ಬಾಲ್ಕನಿಯಿಂದ ಕಂಡದ್ದು ಹೊಳೆಯೂ ಅಲ್ಲ, ರಸ್ತೆಯೂ ಅಲ್ಲ. ಹತ್ತಿರದ ಏಕತಾ ನಗರಿಯಲ್ಲಿ ರಬ್ಬರ್ ದೋಣಿಯಲ್ಲಿ ಜನರನ್ನು ಹೊರಗೆ ತರುತ್ತಿದ್ದರು. ಸೇನೆಯ ತುಕಡಿಯೂ ಬಂತು. ಖಡಕ್‌ವಾಸ್ಲಾದಿಂದ ಸುಮಾರು 35,000 ಕ್ಯೂಸೆಕ್ ಬಿಟ್ಟಿದ್ದಾರೆ ಅಂತ ಸುದ್ದಿ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರಿಗಿಂತ ತುಸು ಹೆಚ್ಚು. ಪುಣೆಯಲ್ಲಿರುವ ನಮಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಬೇಸಿಗೆಯಲ್ಲಿ ನಾವು ಕಾದು ಕೂರುವ 10,000 ಲೀಟರಿನ ಟ್ಯಾಂಕರು, ಸೆಕೆಂಡಿಗೆ ಸುಮಾರು ನೂರು. ಒಂದೊಂದು ಸೆಕೆಂಡಿಗೂ. ಆ ದಿನ ಡೆಕ್ಕನ್ ಹತ್ತಿರದ ಪುಲಾಚಿ ವಾಡಿಯಲ್ಲಿ ಕೈಗಾಡಿ ಸರಿಸಲು ನೀರಿಗಿಳಿದ ಮೂವರು ವಿದ್ಯುತ್ ತಗುಲಿ ಸತ್ತರು. ನಾನು ಗೋಡೆ ಹಿಡಿದು ಬಂದ ದಾರಿ ಆ ಸುದ್ದಿ ಓದುವಾಗ ನೆನಪಾಯಿತು.

ಮಧ್ಯಾಹ್ನ ಅಕ್ಕಪಕ್ಕದವರೆಲ್ಲ ಮೆಟ್ಟಿಲ ಮೇಲೆ ಕೂತಿದ್ದೆವು. ಕುರ್ಚಿಯಲ್ಲಿ ಎತ್ತಿ ತಂದಿದ್ದ ಅಜ್ಜಿ ಮೂಲತಃ ನಾರಾಯಣ ಪೇಠೆಯವರು. 1961ರ ಜುಲೈ 12ರಂದು ಪಾನಶೇತ್ ಡ್ಯಾಮು ಒಡೆದಾಗ ಅವರಿಗೆ ಹನ್ನೊಂದು ವರ್ಷ. ಇನ್ನೂ ಕಟ್ಟಿ ಮುಗಿಯದ ಡ್ಯಾಮು ಅದು. ಹಿಂದಿನ ರಾತ್ರಿಯೆಲ್ಲ ಸೈನಿಕರು ಮರಳಿನ ಚೀಲ ಒಟ್ಟಿ ತಡೆಹಿಡಿದರೂ ಬೆಳಿಗ್ಗೆ ಒಡೆಯಿತು. ಆ ನೀರಿನ ಹೊಡೆತಕ್ಕೆ ಕೆಳಗಿನ ಖಡಕ್‌ವಾಸ್ಲಾದ ಹಳೆಯ ಗೋಡೆಯೂ ಬಿತ್ತು. ನದಿ ದಂಡೆಯ ಪೇಠೆಗಳು ಮುಳುಗಿದವು. ಮನೆ ಕಳೆದುಕೊಂಡವರಿಗೆ ಅಂತ ಗೋಖಲೆ ನಗರ, ಸಹಕಾರ ನಗರದಂಥ ಕಡೆ ಹೊಸ ವಸತಿಗಳಾದವು. ಪುಣೆಯ ಹಳಬರು ಕಾಲವನ್ನು "ಪಾನಶೇತಿನ ಮೊದಲು, ಪಾನಶೇತಿನ ಆಮೇಲೆ" ಅಂತ ಎಣಿಸುವುದು ನಾನು ಕೇಳಿದ್ದೇನೆ. ಅಜ್ಜಿ ಮರಾಠಿಯಲ್ಲಿ ಹೇಳಿದ್ದು ಇಷ್ಟು: "ಡ್ಯಾಮು ಒಡೆಯಿತು ಅಂತ ಒಬ್ಬ ಕೂಗುತ್ತ ಓಡಿದ. ನಮ್ಮಪ್ಪ ಅವನನ್ನು ಬೈದರು, ಸುಳ್ಳು ಸುದ್ದಿ ಹಬ್ಬಿಸುತ್ತೀಯಾ ಅಂತ. ಪಕ್ಕದ ಮನೆಯಾಕೆ ನನ್ನ ಕೈ ಹಿಡಿದು ಎಳೆದುಕೊಂಡು ಹೋದಳು, ನಾನು ಉಳಿದೆ." ಅಜ್ಜಿಯ ಮಂಚದ ತಲೆಯ ಹತ್ತಿರದ ಗೂಟಕ್ಕೆ ಯಾವಾಗಲೂ ಒಂದು ಬಟ್ಟೆ ಚೀಲ ನೇತಾಡುತ್ತಿರುತ್ತಿತ್ತು. ಅದರಲ್ಲಿ ಮಾತ್ರೆ, ಕನ್ನಡಕ, ಪಿಂಚಣಿ ಪುಸ್ತಕ. ನಾವು ಅದನ್ನು ಮುದುಕಿಯ ಚಟ ಅಂದುಕೊಂಡಿದ್ದೆವು.

ನೀರು ಇಳಿದ ಮೇಲೆ ಉಳಿದದ್ದು ಕೆಸರು ಮತ್ತು ಲೆಕ್ಕ. ಕಾರುಗಳಿಗೆ ವಿಮೆಯ ಸರ್ವೇಯರ್ ಬಂದ. ಮುಳುಗಿದ ಕಾರನ್ನು ಸ್ಟಾರ್ಟ್ ಮಾಡಿ ನೋಡಿದವರ ಎಂಜಿನ್ ಪೂರ್ತಿ ಕೆಟ್ಟಿತು. ಭೂಗತ ಟ್ಯಾಂಕಿಗೆ ಗಟಾರದ ನೀರು ಸೇರಿ, ಮೂರು ಸಲ ತೊಳೆಸಬೇಕಾಯಿತು. ವಾಚ್‌ಮನ್ ಅಣ್ಣನ ಖೋಲಿಯಲ್ಲಿ ಹೋದದ್ದು: ಎರಡು ಹಾಸಿಗೆ, ಒಂದು ಟಿವಿ, ತಿಂಗಳ ರೇಷನ್ನು, ಮಕ್ಕಳ ಪುಸ್ತಕ, ದೊಡ್ಡವನ ಶಾಲೆಯ ದಾಖಲೆ. ಅದಕ್ಕೆ ಸರ್ವೇಯರ್ ಇಲ್ಲ. ಪಂಚನಾಮೆಗೆ ಬಂದವರು ವಾಸದ ಪುರಾವೆ ಕೇಳಿದರು. ಅವನ ಆಧಾರ್ ಊರಿನದು, ರೇಷನ್ ಕಾರ್ಡು ಊರಿನದು. ಏಳು ವರ್ಷ ಈ ಗೇಟು ಕಾದವನು ಇಲ್ಲಿ ಇದ್ದಾನೆ ಅಂತ ಹೇಳುವ ಒಂದು ಕಾಗದ ಇರಲಿಲ್ಲ. ಸೊಸೈಟಿಯಿಂದ ಪತ್ರ ಬರೆಸಿಕೊಟ್ಟೆವು, ಅದು ಕೆಲಸಕ್ಕೆ ಬರಲಿಲ್ಲ. ಕೊನೆಗೆ ಮನೆಗಿಷ್ಟು ಅಂತ ಹಣ ಕೂಡಿಸಿ ಕೊಟ್ಟೆವು. ಕೊಟ್ಟೆವು ಅಂತ ಹೇಳುವಾಗಲೂ ನಾಚಿಕೆಯಾಗುತ್ತದೆ.

*

ಆ ಭಾನುವಾರ ಸೊಸೈಟಿಯ ಮೀಟಿಂಗ್ ಆಯಿತು. ಮೊದಲ ಒಂದು ಗಂಟೆ ಎಲ್ಲರೂ ಬೈದರು: ಮುನ್ಸೂಚನೆ ನಮಗೆ ಮುಟ್ಟಲಿಲ್ಲ, ನದಿಗೆ ಮಣ್ಣು ಕಲ್ಲು ಸುರಿದು ದಂಡೆ ಕಿರಿದು ಮಾಡಿದ್ದಾರೆ, ಹೀಗೆ. ಬೈಗುಳದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಮಳೆಗಾಲ ಇನ್ನೂ ಎರಡು ತಿಂಗಳಿತ್ತು. ಇಲ್ಲೇ ಹುಟ್ಟಿ ಬೆಳೆದ ಒಬ್ಬರು ಪೂರರೇಷೆಗಳ ವಿಷಯ ಎತ್ತಿದರು. ಮಹಾರಾಷ್ಟ್ರದಲ್ಲಿ ನದಿಗಳಿಗೆ ಎರಡು ಗೆರೆ ಇವೆ: 25 ವರ್ಷಕ್ಕೊಮ್ಮೆ ಬರಬಹುದಾದ ನೆರೆಯ ಮಟ್ಟ ನೀಲಿ ಗೆರೆ, 100 ವರ್ಷಕ್ಕೊಮ್ಮೆಯದು ಕೆಂಪು ಗೆರೆ. ಮನೆ ಕೊಳ್ಳುವಾಗ ಗೋಡೆಯ ಬಣ್ಣದಿಂದ ಹಿಡಿದು ನಲ್ಲಿಯ ಕಂಪನಿಯವರೆಗೆ ಎಲ್ಲ ವಿಚಾರಿಸಿದ್ದ ನಾವು ಮೂವತ್ತು ಮನೆಯವರಲ್ಲಿ ಈ ಗೆರೆ ನಮ್ಮ ಜಾಗದಲ್ಲಿ ಎಲ್ಲಿ ಹಾಯ್ದಿದೆ ಅಂತ ಕೇಳಿದವರು ಇಬ್ಬರು. ನಾನು ಆ ಇಬ್ಬರಲ್ಲಿ ಇಲ್ಲ. ಹೊಳೆಯೊಂದೇ ಅಲ್ಲ, ಹಳ್ಳವೂ ಸಾಕು. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಹರಿಯುವ ಆಂಬಿಲ್ ಓಢಾ ಉಕ್ಕಿ, ಗೋಡೆ ಕುಸಿದು, ಜನ ಕೊಚ್ಚಿಹೋಗಿ, ಆ ಮಳೆಗೆ ಪುಣೆಯಲ್ಲಿ 20ಕ್ಕೂ ಹೆಚ್ಚು ಮಂದಿ ಸತ್ತದ್ದು ಎಲ್ಲರಿಗೂ ನೆನಪಿತ್ತು.

ಕೊನೆಗೆ ಕೆಲಸಗಳನ್ನು ಹಂಚಿಕೊಂಡೆವು. ಬೇರೆ ಊರುಗಳಲ್ಲಿ ದಂಡೆಯ ಮೇಲಿರುವ ನಮ್ಮವರಿಗೂ ಉಪಯೋಗವಾದೀತು ಅಂತ ಬರೆಯುತ್ತೇನೆ. ಡ್ಯಾಮಿನಿಂದ ಎಷ್ಟು ಬಿಡುತ್ತಿದ್ದಾರೆ ಅನ್ನುವುದನ್ನು ಮಳೆಗಾಲದಲ್ಲಿ ರಾತ್ರಿ ಇಬ್ಬರು ಸರದಿಯ ಮೇಲೆ ನೋಡಬೇಕು. ಸುದ್ದಿ ಬಂದರೆ ವಾಟ್ಸ್ಯಾಪಿಗೆ ಹಾಕಿ ಸುಮ್ಮನಾಗಬಾರದು. ಬಾಗಿಲು ಬಡಿಯಬೇಕು, ಪೀಪಿ ಊದಬೇಕು. ನೀರು ಪಾರ್ಕಿಂಗಿಗೆ ಬರುವ ಮೊದಲೇ ಲಿಫ್ಟು ಮೇಲಿನ ಮಹಡಿಗೆ ಒಯ್ದು ನಿಲ್ಲಿಸಿ ಬಂದ್ ಮಾಡಬೇಕು. ಕೆಳಗಿನ ಮೇನ್ ಸ್ವಿಚ್ ಆರಿಸಬೇಕು. ಮೀಟರಿನ ಹತ್ತಿರ ನೀರು ಬಂದ ಮೇಲೆ ಅದರ ತಂಟೆಗೆ ಯಾರೂ ಹೋಗಬಾರದು, ವಿದ್ಯುತ್ ಕಚೇರಿಗೆ ಹೇಳಿ ಆರಿಸಬೇಕು. ಗ್ಯಾಸಿನ ರೆಗ್ಯುಲೇಟರ್ ಮುಚ್ಚಬೇಕು. ಒಳಚರಂಡಿಯ ಪೈಪಿಗೆ ನೀರು ಹಿಂದಕ್ಕೆ ಬರದ ಹಾಗೆ ವಾಲ್ವ್ ಕೂರಿಸಬೇಕು. ಕುಡಿಯುವ ನೀರು ಮೇಲಿನ ಮಹಡಿಯಲ್ಲಿ ಎರಡು ದಿನಕ್ಕಾಗುವಷ್ಟು ಇರಬೇಕು. ಕೆಸರಲ್ಲಿ ಓಡಾಡಿದವರಿಗೆ ಜ್ವರ ಬಂದರೆ ಇಲಿಜ್ವರದ ಅನುಮಾನದಿಂದ ಡಾಕ್ಟರಿಗೆ ತೋರಿಸಬೇಕು. ಕಾಗದಪತ್ರಗಳ ವಿಷಯಕ್ಕೆ ನಾನು ಅವ್ವನ ಕುಕ್ಕರ್ ಹೇಳಿದೆ. ಎಲ್ಲರೂ ನಕ್ಕರು; ಆಮೇಲೆ ಒಂದಿಬ್ಬರು ಎಷ್ಟು ಲೀಟರಿನದು ಅಂತ ಕೇಳಿದರು.

ಯಾರನ್ನು ಮೊದಲು ಮೇಲೆ ಕರೆದೊಯ್ಯಬೇಕು ಅನ್ನುವ ಪಟ್ಟಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸಾಫ್ಟ್‌ವೇರಿನವನು, ಎಕ್ಸೆಲ್ ಚೆನ್ನಾಗಿ ಮಾಡುತ್ತಾನೆ ಅಂತ. ಮನೆ ಮನೆಗೆ ಹೋಗಿ ಕೇಳಿ ಬರೆದೆ. ಎಷ್ಟು ಜನ, ವಯಸ್ಸೆಷ್ಟು, ನಡೆಯಲಾಗದವರು ಯಾರು, ಇನ್ಸುಲಿನ್ ಯಾರಿಗೆ ಬೇಕು, ಗರ್ಭಿಣಿಯರಿದ್ದಾರಾ, ಊರಲ್ಲಿ ಯಾರಿಗೆ ಫೋನ್ ಮಾಡಬೇಕು. ಎರಡು ರಾತ್ರಿ ಕೂತು ಅಚ್ಚುಕಟ್ಟಾಗಿ ಮಾಡಿ, ಬಣ್ಣ ಹಾಕಿ, ಹೆಂಡತಿಗೆ ತೋರಿಸಿದೆ. ಅವಳು ಮೇಲಿನಿಂದ ಕೆಳಗಿನವರೆಗೆ ಓದಿ, "ಅಕ್ಕ ಎಲ್ಲಿದ್ದಾಳೆ?" ಅಂದಳು.

ಪಟ್ಟಿ ಫ್ಲ್ಯಾಟ್ ನಂಬರಿನ ಪ್ರಕಾರ ಇತ್ತು. ಆ ಖೋಲಿಗೆ ನಂಬರ್ ಇಲ್ಲ.

ಮೆಟ್ಟಿಲ ಮೇಲೆ ಅವಳನ್ನು ಆ ಸ್ಥಿತಿಯಲ್ಲಿ ನೋಡಿ ಹತ್ತು ದಿನವೂ ಆಗಿರಲಿಲ್ಲ. ಅವಳ ಮಕ್ಕಳು ನಮ್ಮ ಹಾಲಿನಲ್ಲೇ ಮಲಗಿದ್ದರು. ಆದರೂ ನಾನು ಮಾಡಿದ ಪಟ್ಟಿಯಲ್ಲಿ ಅವರಿರಲಿಲ್ಲ. ಮರೆವು ಅಂತ ಹೇಳಿಕೊಳ್ಳಬಹುದು. ಕಾರಿನ ದಿನವೂ ಹಾಗೇ ಹೇಳಿಕೊಂಡಿದ್ದೆ. ಊರಲ್ಲಿದ್ದಾಗ ನನಗೂ ಗೊತ್ತಿದ್ದ ಆ ಲೆಕ್ಕ, ಬಾಣಂತಿ, ಕೂಸು, ಮುದುಕರು, ದನ, ಕಾಳು, ಹದಿನೈದು ವರ್ಷದ ಪುಣೆಯಲ್ಲಿ ಯಾವಾಗ ಫ್ಲ್ಯಾಟ್ ನಂಬರಿಗೆ ಬದಲಾಯಿತು ಅಂತ ಆ ರಾತ್ರಿ ತುಂಬ ಹೊತ್ತು ಯೋಚಿಸಿದೆ. ಪಟ್ಟಿಯ ಮೇಲೆ ಒಂದು ಸಾಲು ಸೇರಿಸಿದೆ. ನಂಬರಿನ ಜಾಗದಲ್ಲಿ "ಪಂಪಿನ ಖೋಲಿ" ಅಂತ ಬರೆದೆ.

*

ಆಗಸ್ಟ್ 4, ಭಾನುವಾರ, ಮತ್ತೆ ನೀರು ಬಿಟ್ಟರು. ಈ ಸಲ ಸುದ್ದಿ ಮೊದಲೇ ಬಂತು, ನಾವೂ ಎಚ್ಚರವಾಗಿದ್ದೆವು. ಲಿಫ್ಟ್ ಮೇಲೆ ಹೋಯಿತು, ಸ್ವಿಚ್ ಆರಿತು. ನಾನು ಮೊದಲು ಪಂಪಿನ ಖೋಲಿಗೆ ಹೋದೆ. ಬಾಗಿಲಿಗೆ ಬೀಗ. ಮೇಲೆ ನೋಡಿದರೆ ಅಕ್ಕ ಆಗಲೇ ಅಜ್ಜಿಯನ್ನು ಕರೆದುಕೊಂಡು, ಅಜ್ಜಿಯ ಗೂಟದ ಚೀಲ ಹೆಗಲಿಗೆ ಹಾಕಿಕೊಂಡು, ಎರಡನೇ ಮಹಡಿಗೆ ಬಂದಿದ್ದಾಳೆ. ಅವಳ ಟ್ರಂಕು ನಮ್ಮ ಬಾಗಿಲ ಮುಂದೆ ಇತ್ತು. ಅವಳಿಗೆ ಯಾವ ಪಟ್ಟಿಯೂ ಬೇಕಾಗಿರಲಿಲ್ಲ. ಭೀಮಾ ಕೃಷ್ಣಾ ನಡುವಿನ ಸೀಮೆಯವಳು.

ಖೋಲಿಯನ್ನು ಮೇಲಕ್ಕೆ ಸಾಗಿಸಬೇಕು ಅಂತ ಮೀಟಿಂಗಿನಲ್ಲಿ ನಾನು ಕೇಳಿದೆ. ಟೆರೇಸಿನ ಪಕ್ಕ ಒಂದು ಸ್ಟೋರ್ ರೂಮ್ ಇದೆ. ಗೇಟು ಕಾಯುವವನು ಆರನೇ ಮಹಡಿಯಲ್ಲಿದ್ದರೆ ಹೇಗೆ ಅಂತ ಒಬ್ಬರು, ಖರ್ಚು ಯಾರು ಕೊಡುತ್ತಾರೆ ಅಂತ ಇನ್ನೊಬ್ಬರು. ಮೂರು ಮೀಟಿಂಗ್ ಆದ ಮೇಲೆ ಅರ್ಧ ಗೆದ್ದೆ: ಮಳೆಗಾಲದ ನಾಲ್ಕು ತಿಂಗಳು ರಾತ್ರಿ ಮಲಗಲು ಸ್ಟೋರ್ ರೂಮ್, ಉಳಿದ ಕಾಲ ಕೆಳಗೆ. ಕಾರಿನ ಕಂತು ತೀರಿದ ಮೇಲೂ ಈ ಜಗಳ ತೀರಿಲ್ಲ.

ಆ ಬೇಸಿಗೆಯಲ್ಲಿ ಉಜನಿ ತಳ ಕಂಡಿತ್ತು. ಮೃತ ಸಂಗ್ರಹದ ನೀರಿಗೂ ಕೈ ಹಾಕಿದ್ದರು. ಜುಲೈ ಕೊನೆಯಲ್ಲಿ ನಮ್ಮ ಪಾರ್ಕಿಂಗಿಗೆ ಬಂದ ನೀರೆಲ್ಲ ಹೋಗಿ ಮೊದಲು ಆ ಹೊಟ್ಟೆ ತುಂಬಿಸಿತು. ಆಗಸ್ಟಿನಲ್ಲಿ ಅದೂ ತುಂಬಿ ಭೀಮೆಗೆ ನೀರು ಬಿಟ್ಟಾಗ ಅವ್ವ ಫೋನ್ ಮಾಡಿದಳು.

"ನಿಮ್ಮೂರ ನೀರು ಬಂದಾವಪಾ. ದಂಡಿ ತುಂಬಿ ಹರ್ಯಾಕತ್ತಾವ. ಊರಾಗ ಬಂದಿಲ್ಲ, ಅಂಜಬ್ಯಾಡ."

ಕುಕ್ಕರ್ ಎಲ್ಲಿದೆ ಅಂತ ಕೇಳಿದೆ. ಬಾಗಿಲ ಹಿಂದೆಯೇ ಇದೆ ಅಂದಳು. ಫೋನ್ ಇಡುವ ಮೊದಲು ಅವಳೇ ಕೇಳಿದಳು:

"ಆ ಸುರಪುರದ ಹೆಣಮಗಳು, ಮಕ್ಕಳು, ಈಗ ಎಲ್ಲಿ ಮಲಗ್ತಾರೋ?"

"ಮ್ಯಾಲ ಮಲಗ್ತಾರವ್ವಾ" ಅಂದೆ.

"ಹಂಗಾದ್ರ ನೀನೂ ಮಲಕ್ಕೋ" ಅಂದಳು.